ಈ ನಾಲ್ವರು ಯಾರ ಕಡೆಯವರು?

ಶುಕ್ರವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ವಂದನಾ ಆಂಟಿ ಸೌದಿಯ ಖೋಬರ್ ನಗರದ ಥುಕ್ಬಾ ಬಡಾವಣೆಯ ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಕಳಿಸಿ, ಅದರ ಕೆಳಗೆ ‘ಈ ನಾಲ್ವರು ಯಾರ ಕಡೆಯವರು? ದಯವಿಟ್ಟು ಬಂದು ತೊಗೊಂಡು ಹೋಗಿ’ ಎಂದು ಬರೆದರು.

ಫೋಟೋದಲ್ಲಿ ನಾಲ್ಕು ಜನ ಬಿಳಿಯ ಹೆಂಗಸರಿದ್ದರು. ಕಪ್ಪು ಚರ್ಮದ ಅಂಗಿ, ಕಣ್ಣಿನ ಸುತ್ತ ಒಂದೊಂದು ಡಬ್ಬಿ ಕಾಡಿಗೆ, ಕರೆಂಟು ಹೊಡೆದಂತೆ ನಿಂತ ಕೂದಲು. ಒಬ್ಬಳು ಮುರಿದ ಒಲೆಯ ಮೇಲೆ ಕಾಲಿಟ್ಟಿದ್ದಳು. ಇನ್ನೊಬ್ಬಳು ಸೌಟನ್ನು ಕೊಡಲಿಯಂತೆ ಹೆಗಲ ಮೇಲೆ ಹೊತ್ತಿದ್ದಳು. ಉಳಿದಿಬ್ಬರು, ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದ ನೆಂಟರನ್ನು ನೋಡುವಂತೆ ಕ್ಯಾಮರಾವನ್ನು ನೋಡುತ್ತಿದ್ದರು.

ಎರಡನೇ ಮಹಡಿಯ ಮನೆಯ ಸಣ್ಣ ಕೋಣೆಯಲ್ಲಿ ಶ್ರಾವ್ಯಾ ಆ ಫೋಟೋ ನೋಡಿ ಸಂತೋಷದಿಂದ ಎದ್ದು ಕೂತಳು. ಆಮೇಲೆ ಗುಂಪಿನಲ್ಲಿ ಎಂಬತ್ತಾರು ಜನರಿದ್ದಾರೆಂಬುದೂ ಅವರಲ್ಲಿ ತನ್ನ ಅಮ್ಮ ಲೀಲಮ್ಮನೂ ಒಬ್ಬರೆಂಬುದೂ ನೆನಪಾಗಿ, ಹಾಗೆಯೇ ಮಲಗಿ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು.

ಆ ನಾಲ್ವರು ಅವಳ ಕಡೆಯವರೇ.

ಅವರ ತಂಡದ ಹೆಸರು ಸ್ಲೇಟ್‌ವಿಚ್. ಇಂಗ್ಲೆಂಡಿನ ಒಂದು ಗಣಿ ಊರಿನಲ್ಲಿ, ಶ್ರಾವ್ಯಾ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ನಾಲ್ವರೂ ಸೇರಿ ಒಂದೇ ಒಂದು ಹೆವಿ ಮೆಟಲ್ ಆಲ್ಬಂ ಮಾಡಿ ಚದುರಿಹೋಗಿದ್ದರು. ಗರಗಸದಂತಹ ಗಿಟಾರು, ಬಾಗಿಲು ಒಡೆಯುವಂತಹ ಡ್ರಮ್ಮು, ಅದರ ಮೇಲೆ ಗಂಟಲೆಂಬುದನ್ನು ಬಾಡಿಗೆಗೆ ತಂದಂತೆ ಬಳಸುವ ಹಾಡುಗಾರ್ತಿ. ಐನೂರು ಪ್ರತಿ ಅಚ್ಚಾಗಿತ್ತಂತೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವುದು ಯಾರೋ ಪುಣ್ಯಾತ್ಮರು ಹಾಕಿದ ನಲವತ್ತು ಸೆಕೆಂಡಿನ ತುಣುಕು ಮಾತ್ರ. ಆ ನಲವತ್ತು ಸೆಕೆಂಡನ್ನು ಶ್ರಾವ್ಯಾ ಮೈಸೂರಿನ ಹಾಸ್ಟೆಲ್ಲಿನಲ್ಲಿ ಎಂ.ಎಸ್ಸಿ. ಓದುವಾಗ ಮೊದಲ ಸಲ ಕೇಳಿದ್ದಳು. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಸಲ ಕೇಳಿದ್ದಾಳೆಂಬುದು ಅವಳ ಇಯರ್‌ಫೋನಿಗೇ ಗೊತ್ತು.

ಶ್ರಾವ್ಯಾ ಮಾತಾಡಿದರೆ ಲಿಫ್ಟಿನ ಬಾಗಿಲು ಮುಚ್ಚುವ ಸದ್ದೇ ಜೋರು ಎನಿಸುತ್ತಿತ್ತು. ಅಂಗಡಿಯಲ್ಲಿ ಮೊಸರು ಕೇಳಿದರೆ ಅಂಗಡಿಯವನು ಅವಳ ಹಿಂದೆ ನಿಂತವರಿಗೆ ಏನು ಬೇಕೆಂದು ಕೇಳುತ್ತಿದ್ದ. ಲೀಲಮ್ಮನಿಗೆ ಇದು ಹೆಮ್ಮೆಯ ವಿಷಯ. ಕೂಟದಲ್ಲಿ ಯಾರ ಮಕ್ಕಳ ಮಾತು ಬಂದರೂ, ನಮ್ಮ ಶ್ರಾವ್ಯಾ ಮನೇಲಿ ಇದ್ದಾಳೆ ಅನ್ನೋದೇ ಗೊತ್ತಾಗಲ್ಲ ರೀ ಎಂದು ಹೇಳಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಆ ಮಾತು ಬಂದಾಗಲೆಲ್ಲ ಶ್ರಾವ್ಯಾ ಕಿವಿಯೊಳಗೆ ನಲವತ್ತು ಸೆಕೆಂಡು ಓಡಿಸಿಕೊಳ್ಳುತ್ತಿದ್ದಳು. ನಲವತ್ತೊಂದನೆಯ ಸೆಕೆಂಡಿನಲ್ಲಿ ಏನಾಗುತ್ತದೆ, ಉಳಿದ ಏಳು ಹಾಡುಗಳಲ್ಲಿ ಆ ಹೆಂಗಸರು ಇನ್ನೇನೇನು ಕೂಗಿದ್ದಾರೆ ಎಂದು ತಿಳಿಯದೆ ಅವಳಿಗೆ ಈ ಜನ್ಮದಲ್ಲಿ ಸಮಾಧಾನವಿರಲಿಲ್ಲ.

ಕೊನೆಗೆ ಇಂಗ್ಲೆಂಡಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಪ್ರತಿ ಸಿಕ್ಕಿತು, ಆ ನಾಲ್ವರ ಫೋಟೋ ಅಚ್ಚಾದ ರಟ್ಟಿನ ಲಕೋಟೆಯ ಗ್ರಾಮಫೋನ್ ರೆಕಾರ್ಡು. ಅಂಗಡಿಯವನು ಸೌದಿಗೆ ಕಳಿಸುವುದಿಲ್ಲ ಎಂದ. ಅದೃಷ್ಟಕ್ಕೆ ಮೂರನೇ ಮಹಡಿಯ ವಂದನಾ ಆಂಟಿ ಮಗಳ ಬಾಣಂತನಕ್ಕೆಂದು ಮ್ಯಾಂಚೆಸ್ಟರಿನಲ್ಲಿದ್ದರು. ಥುಕ್ಬಾದಲ್ಲಿ ಯಾರೇ ವಿಮಾನ ಹತ್ತಿದರೂ ಅದು ಅವರೊಬ್ಬರ ಪ್ರಯಾಣವಲ್ಲ, ಇಡೀ ಕಟ್ಟಡದ್ದು. ಹೋಗುವಾಗ ಹನ್ನೊಂದು ಮನೆಯ ಉಪ್ಪಿನಕಾಯಿ ಹೋಗುತ್ತದೆ, ಬರುವಾಗ ಹನ್ನೊಂದು ಮನೆಯ ಸಾಮಾನು ಬರುತ್ತದೆ. ತರುವವರು ಮುಚ್ಚಿದ ಪೊಟ್ಟಣವನ್ನು ಹಾಗೇ ತರುವುದಿಲ್ಲ. ಒಳಗೇನಿದೆಯೋ ಎಂಬ ಹೆದರಿಕೆಗೆ ಎಲ್ಲವನ್ನೂ ಬಿಚ್ಚಿ ನೋಡಿಯೇ ಸೂಟ್‌ಕೇಸಿಗೆ ಹಾಕುತ್ತಾರೆ. ಶ್ರಾವ್ಯಾ ಅಂಗಡಿಯವನಿಗೆ ಮ್ಯಾಂಚೆಸ್ಟರಿನ ಆ ಮನೆಯ ವಿಳಾಸ ಕೊಟ್ಟು, ಆಂಟಿಗೆ ಫೋನು ಮಾಡಿ ಎರಡು ನಿಮಿಷ ವಿವರಿಸಿದ್ದಳು. ಆಂಟಿಗೆ ಕೇಳಿಸಿದ್ದು ಮೊದಲಿನ ಹಲೋ ಮತ್ತು ಕೊನೆಯ ಥ್ಯಾಂಕ್ಸ್. ಹೀಗಾಗಿ ಪೊಟ್ಟಣ ಬಂತು, ಯಾರದ್ದೆಂದು ಗೊತ್ತಾಗಲಿಲ್ಲ.

ಇವತ್ತೇ ಅದು ಕೈಗೆ ಸಿಗಬೇಕಿತ್ತು. ಬೀದಿಯ ಕೊನೆಯಲ್ಲಿ ಖೌಲಾ ಎಂಬ ಸೌದಿ ಹುಡುಗಿಯ ಕಾಫಿ ಅಂಗಡಿ ಇತ್ತು. ಅಲ್ಲಿ ಮೂಲೆಯಲ್ಲೊಂದು ರೆಕಾರ್ಡ್ ಪ್ಲೇಯರ್. ಶ್ರಾವ್ಯಾ ಎಷ್ಟು ಮೆಲ್ಲಗೆ ಹೇಳಿದರೂ ಕೇಳಿಸಿಕೊಳ್ಳುತ್ತಿದ್ದುದು ಖೋಬರಿನಲ್ಲಿ ಖೌಲಾ ಒಬ್ಬಳೇ. ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ತಗೊಂಡು ಬಾ, ಎರಡೂ ಬದಿ ಪೂರ್ತಿ ಹಾಕ್ತೇನೆ, ಗಿರಾಕಿಗಳು ಎದ್ದು ಹೋದರೂ ಸರಿ, ಎಂದು ಅವಳು ಮಾತು ಕೊಟ್ಟಿದ್ದಳು.

ತಿಂಡಿಯ ಹೊತ್ತಿಗೆ ಲೀಲಮ್ಮ ಕನ್ನಡಕ ಹಾಕಿಕೊಂಡು ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಿದ್ದರು. ಅಪ್ಪ ಲಿಂಗರಾಜು ಜುಬೈಲಿನ ಕಾರ್ಖಾನೆಯಲ್ಲಿ ವಾರದ ಡ್ಯೂಟಿಗೆ ಹೋಗಿದ್ದರಿಂದ ಎಲ್ಲ ಅಭಿಪ್ರಾಯಗಳೂ ಮಗಳಿಗೇ ಸಲ್ಲುತ್ತಿದ್ದವು.

“ಪಾಪ, ಯಾರ ಮನೆ ಹೆಣ್ಣುಮಕ್ಕಳೋ, ತಲೆ ಎಣ್ಣೆ ಕಂಡು ಎಷ್ಟು ವರ್ಷ ಆಯ್ತೋ,” ಎಂದರು ಲೀಲಮ್ಮ. “ಇದನ್ನ ತರಿಸಿಕೊಂಡೋರು ಯಾರು ಅಂತ ಗೊತ್ತಾಗಲಿ ಕಣೇ, ಅವರ ಮನೆಯಿಂದ ಹೆಪ್ಪಿಗೆ ಮೊಸರು ಕೂಡ ಈಸ್ಕೊಳ್ಳಲ್ಲ ನಾನು.”

ಅದು ನನ್ನದು ಅಮ್ಮ, ಎಂದಳು ಶ್ರಾವ್ಯಾ. ಅಡುಗೆಮನೆಯ ಫ್ಯಾನು ಆ ಮಾತನ್ನು ಒಗ್ಗರಣೆಯ ಹೊಗೆಯ ಜೊತೆ ಎಳೆದುಕೊಂಡು ಹೊರಗೆ ಬಿಟ್ಟಿತು. ಲೀಲಮ್ಮ ಮಗಳ ತುಟಿ ಅಲ್ಲಾಡಿದ್ದು ನೋಡಿ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದರು.

ಉಪ್ಪಿಟ್ಟು ಮುಗಿಸಿ ಮೂರನೇ ಮಹಡಿಗೆ ಓಡುವಷ್ಟರಲ್ಲಿ ಇಪ್ಪತ್ತು ನಿಮಿಷ ತಡವಾಗಿತ್ತು. ವಂದನಾ ಆಂಟಿ ಹಿಂದಿನ ದಿನವಷ್ಟೇ ಬಂದಿಳಿದು, ನಿದ್ದೆ ಮ್ಯಾಂಚೆಸ್ಟರಿನಲ್ಲೂ ದೇಹ ಥುಕ್ಬಾದಲ್ಲೂ ಇದ್ದ ಸ್ಥಿತಿಯಲ್ಲಿ, ಬಿಚ್ಚಿದ ಸೂಟ್‌ಕೇಸುಗಳ ನಡುವೆ ಕೂತಿದ್ದರು.

“ಆ ನಾಲ್ಕು ಜನಾನಾ? ಅಕ್ಕು ಬಂದಳು, ನೋಡಿದಳು, ಒಂದು ಮಾತೂ ಆಡದೆ ಎತ್ತಿಕೊಂಡು ಹೋದಳು. ಅವಳ ಗಂಡ ಸುಜಿತ್ ತರಿಸಿದ್ದಿರಬೇಕು. ನಿನಗೇನಮ್ಮ, ಚಾಕೊಲೇಟಾ?” ಎಂದು ಒಂದು ಚಾಕೊಲೇಟನ್ನು ಅವಳ ಕೈಗಿಟ್ಟು ಬಾಗಿಲು ಹಾಕಿಕೊಂಡರು.

ಅಕ್ಕು ಮೊದಲನೇ ಮಹಡಿಯಲ್ಲಿದ್ದಳು. ಮಂಗಳೂರಿನ ಕಡೆಯವಳು. ನಗುವುದಕ್ಕೂ ಜಗಳವಾಡುವುದಕ್ಕೂ ಒಂದೇ ಗಂಟಲು ಬಳಸುವವಳು. ಗಂಡ ಸುಜಿತ್ ಜುಬೈಲಿನಲ್ಲಿ ಕ್ರೇನು ಓಡಿಸುತ್ತಿದ್ದ. ನಲವತ್ತು ಟನ್ನಿನ ಟ್ಯಾಂಕನ್ನು ಕೂದಲೆಳೆಯಷ್ಟೂ ಅಲುಗದಂತೆ ಎತ್ತಿ ಇಡುವವನು, ಮನೆಯಲ್ಲಿ ಹೆಂಡತಿಯ ಮುಂದೆ ತಲೆ ಎತ್ತುತ್ತಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಅಕ್ಕುವಿನ ಲೆಕ್ಕಾಚಾರ ಸರಳವಾಗಿತ್ತು. ವಂದನಕ್ಕನ ಹತ್ತಿರ ನೀವು ಗುಟ್ಟಾಗಿ ಏನಾದರೂ ತರಿಸಿದ್ದು ಉಂಟಾ ಎಂದು ಅವಳು ಬೆಳಿಗ್ಗೆ ಗಂಡನನ್ನು ಸುಮ್ಮನೆ ಕೇಳಿದ್ದಳು. ಸುಜಿತ್ ಗೋಡೆಯ ಸುಣ್ಣದಂತೆ ಬಿಳಿಚಿಕೊಂಡ. ಅಷ್ಟು ಸಾಕಾಯಿತು. ಸ್ಲೇಟ್‌ವಿಚ್ ಈಗ ಅವರ ಫ್ರಿಜ್ಜಿನ ಮೇಲೆ, ಗೋಡೆಗೆ ಒರಗಿ ನಿಂತು, ಸೌಟು ಹೊತ್ತು, ಸಂಸಾರವನ್ನು ನೋಡುತ್ತಿತ್ತು.

ಶ್ರಾವ್ಯಾಳಿಗೆ ಮೊದಲ ಸಲ ಅದರ ದರ್ಶನವಾಯಿತು. ಅಂಚು ಸ್ವಲ್ಪ ಸವೆದಿದೆ, ಬಣ್ಣ ಮಾತ್ರ ನಿನ್ನೆ ಅಚ್ಚಾದಂತಿದೆ. ಅವಳ ಕೈ ತಾನಾಗಿ ಮುಂದೆ ಹೋಯಿತು. ಫ್ರಿಜ್ಜು ಅವಳಿಗಿಂತ ಎರಡು ಗೇಣು ಎತ್ತರವಿತ್ತು.

“ನೀನೇ ಹೇಳು ಶ್ರಾವ್ಯಾ,” ಎಂದು ಅಕ್ಕು ಅವಳ ಕೈಯನ್ನು ಗಾಳಿಯಲ್ಲೇ ಹಿಡಿದು ಸಾಕ್ಷಿಗೆ ಎಳೆದುಕೊಂಡಳು. “ಒಬ್ಬಳಾದರೆ ಏನೋ ಒಂದು ಅಂತ ಬಿಡಬಹುದು. ನಾಲ್ಕು ಜನ ಎಂತಕ್ಕೆ ಮಾರಾಯ್ತಿ ಈ ಮನುಷ್ಯನಿಗೆ?”

ಅದು ನನ್ನದು ಎಂದಳು ಶ್ರಾವ್ಯಾ. ಅದೇ ಕ್ಷಣಕ್ಕೆ ಸುಜಿತ್, ದೇವರಾಣೆ ನನಗೆ ಗೊತ್ತಿಲ್ಲ ಎಂದ. ಅದೇ ಕ್ಷಣಕ್ಕೆ ಕುಕ್ಕರು ಕೂಗಿತು. ಮೂರರಲ್ಲಿ ಅಕ್ಕುವಿಗೆ ಕೇಳಿಸಿದ್ದು ಕುಕ್ಕರು. ಅವಳು ಒಲೆ ಆರಿಸಿ, ಫ್ರಿಜ್ಜಿನ ಮೇಲಿನ ಸಾಕ್ಷ್ಯವನ್ನು ಸೂಪರ್ ಮಾರ್ಕೆಟ್ಟಿನ ಚೀಲಕ್ಕೆ ತುರುಕಿ, ಇನ್ನು ಮಾತು ಉಗ್ಗಪ್ಪಣ್ಣನ ಮನೆಯಲ್ಲೇ ಎಂದು ಮೆಟ್ಟಿಲಿಳಿದಳು.

ಉಗ್ಗಪ್ಪ ಕೂಟದ ಅಧ್ಯಕ್ಷರು. ಖಫ್ಜಿಯ ಎಣ್ಣೆ ಬಾವಿಗಳಲ್ಲಿ ಇಪ್ಪತ್ತೆರಡು ವರ್ಷ ಗಾಳಿಯನ್ನೂ ಯಂತ್ರಗಳನ್ನೂ ಮೀರಿಸಿ ಕೂಗಾಡಿ ಬಂದವರು. ಅವರು ಪಿಸುಗುಟ್ಟಿದರೆ ಎದುರು ಕಟ್ಟಡದವರು ಕಿಟಕಿ ತೆರೆಯುತ್ತಿದ್ದರು. ತಿಂಗಳಿಗೊಂದು ಶುಕ್ರವಾರ ನೆಲ ಮಹಡಿಯ ಅವರ ಹಾಲಿನಲ್ಲಿ ಕೂಟದ ಊಟ. ಅದಕ್ಕೊಂದು ನಿಯಮವಿತ್ತು. ಮನೆ ಮನೆ ನಡುವಿನ, ಗಂಡ ಹೆಂಡಿರ ನಡುವಿನ ತಕರಾರು ಏನೇ ಇದ್ದರೂ ಅಲ್ಲಿ ಹೇಳಬೇಕು, ಅಲ್ಲೇ ಮುಗಿಸಬೇಕು, ಮುಗಿಯುವ ತನಕ ಪಾಯಸ ಬಡಿಸುವ ಹಾಗಿಲ್ಲ. ಪಾಯಸದ ಪರಿಮಳ ಮೂಗಿಗೆ ಬಡಿಯುತ್ತಿರುವಾಗ ಹಠ ಹಿಡಿಯುವವರು ಕಡಿಮೆ ಎಂಬುದು ಉಗ್ಗಪ್ಪನ ಅನುಭವ. ಈ ಪದ್ಧತಿಯಲ್ಲಿ ಅವರು ಎರಡು ವಿಚ್ಛೇದನ ತಪ್ಪಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಹಾಲಿನಲ್ಲಿ ಮೂವತ್ತು ಜನ. ಸ್ಲೇಟ್‌ವಿಚ್ಚನ್ನು ಎಲ್ಲರಿಗೂ ಕಾಣುವಂತೆ ಟಿವಿಗೆ ಒರಗಿಸಿ ಇಡಲಾಗಿತ್ತು. ಶ್ರಾವ್ಯಾ ಮೂಲೆಯಲ್ಲಿ ಅಮ್ಮನ ಪಕ್ಕ ತಟ್ಟೆ ಹಿಡಿದು ಕೂತಿದ್ದಳು. ಟಿವಿಗೂ ಅವಳಿಗೂ ನಡುವೆ ಆರು ಹೆಜ್ಜೆ, ಇಪ್ಪತ್ತೆಂಟು ಜೊತೆ ಕಣ್ಣು. ವಂದನಾ ಆಂಟಿ ಗೋಡೆಗೊರಗಿ ಬಾಯಿ ತೆರೆದು ನಿದ್ದೆಹೋಗಿದ್ದರು.

ಅಕ್ಕು ದೂರು ಹೇಳಿ ಮುಗಿಸಿದಳು. ಉಗ್ಗಪ್ಪ ಸುಜಿತನನ್ನು ಕೇಳಿದರು. ಸುಜಿತ್ ನೆಲ ನೋಡಿದ, ಚಾವಣಿ ನೋಡಿದ, ಪಾಯಸದ ಪಾತ್ರೆ ನೋಡಿದ. ಆಮೇಲೆ ಯಾರೂ ಎಣಿಸದ ಒಂದು ಮಾತು ಹೇಳಿದ.

“ಹೌದು ಉಗ್ಗಪ್ಪಣ್ಣ. ನನ್ನದೇ. ತಪ್ಪಾಯ್ತು.”

ಶ್ರಾವ್ಯಾಳ ಕೈಯಿಂದ ಹಪ್ಪಳ ಜಾರಿತು. ತನ್ನದಲ್ಲದ್ದನ್ನು ತನ್ನದೆಂದು ಇಷ್ಟು ನಿರಾಳವಾಗಿ ಒಪ್ಪಿಕೊಳ್ಳುವ ಗಂಡಸನ್ನು ಅವಳು ಅದುವರೆಗೆ ನೋಡಿರಲಿಲ್ಲ. ತಪ್ಪೊಪ್ಪಿಕೊಂಡವನಿಗೆ ಶಿಕ್ಷೆ ಕಡಿಮೆ ಎಂಬುದು ಅಧ್ಯಕ್ಷರ ಇನ್ನೊಂದು ನಿಯಮ. ಹಿತ್ತಿಲಲ್ಲಿ ಕೋಳಿ ಸುಟ್ಟ ಇದ್ದಿಲು ಇನ್ನೂ ಕೆಂಪಗಿದೆ, ಈ ಫೋಟೋವನ್ನು ಸುಜಿತನೇ ತನ್ನ ಕೈಯಾರೆ ಅದಕ್ಕೆ ಹಾಕಿ ಬರಲಿ, ಆಮೇಲೆ ಪಾಯಸ, ಎಂದು ತೀರ್ಪಾಯಿತು. ಸುಜಿತ್ ಎದ್ದು ಆ ನಾಲ್ವರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

“ಅದು ನನ್ನದು,” ಎಂದು ಶ್ರಾವ್ಯಾ ಎದ್ದು ನಿಂತಳು.

ಪಕ್ಕದಲ್ಲಿದ್ದ ಯಾರೋ ಅವಳಿಗೆ ನೀರು ಬೇಕೇನೋ ಎಂದು ಲೋಟ ಕೊಟ್ಟರು. ಅವಳು ಲೋಟ ಹಿಡಿದುಕೊಂಡೇ ಇನ್ನೊಂದು ಸಲ ಹೇಳಿದಳು. ಈ ಸಲ ಕೇಳಿಸಿತು. ಆದರೆ ಕೇಳಿಸಿದ್ದರಿಂದ ಆದದ್ದು ಇನ್ನೂ ಕೆಟ್ಟದ್ದು. ಹಾಲಿನಲ್ಲಿ ಒಂದು ನಿಟ್ಟುಸಿರು ಎದ್ದಿತು. ನೋಡಿ, ಈ ಮಗು ಒಂದು ಸಂಸಾರ ಉಳಿಸಲಿಕ್ಕೆ ಇನ್ನೊಬ್ಬರ ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಳ್ತಾ ಉಂಟು, ಎಂದು ಉಗ್ಗಪ್ಪ ಗದ್ಗದಿತರಾದರು. ಅಕ್ಕು ಬಂದು ಅವಳನ್ನು ತಬ್ಬಿಕೊಂಡಳು. ಲೀಲಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ ಪಕ್ಕದವರಿಗೆ ಹೇಳಿದರು, ಮೊದಲಿಂದಲೂ ಹೀಗೇ ರೀ, ಮನೇಲಿ ಇದ್ದಾಳೆ ಅನ್ನೋದೇ ಗೊತ್ತಾಗಲ್ಲ.

ಅಷ್ಟರಲ್ಲಿ ಸುಜಿತ್ ಹಿತ್ತಿಲ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದ.

ಆಮೇಲೆ ನಡೆದದ್ದನ್ನು ಕೂಟದವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಶ್ರಾವ್ಯಾ ಅಕ್ಕುವಿನ ತೋಳಿನಿಂದ ಬಿಡಿಸಿಕೊಂಡು ಟೀಪಾಯಿಯ ಮೇಲೆ ಹತ್ತಿದಳು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ನೀರಿನ ಲೋಟ ಇನ್ನೂ ಕೈಯಲ್ಲೇ ಇತ್ತು ಎಂಬುದರಲ್ಲೂ ಇಲ್ಲ. ಅವಳು ಕಣ್ಣು ಮುಚ್ಚಿದಳು, ಮೂಗಿನಿಂದ ಉಸಿರೆಳೆದಳು, ಬಾಯಿ ತೆರೆದಳು. ಹೊರಬಂದದ್ದು ಅವಳದ್ದೆಂದು ನಂಬಲು ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು. ಅದು ಹೊಟ್ಟೆಯ ತಳದಿಂದ, ವರ್ಷಗಟ್ಟಲೆ ತೆಗೆಯದ ಕಬ್ಬಿಣದ ಗೇಟನ್ನು ಎಳೆದಂತೆ ಹೊರಟು, ಗಂಟಲಿಗೆ ಬರುವಷ್ಟರಲ್ಲಿ ಸರಳು ತುಂಬಿದ ಲಾರಿ ಮಗುಚಿದಂತಾಗಿ, ಮೇಲಿನ ಸ್ಥಾಯಿಯಲ್ಲಿ ಟಿವಿಯ ಗಾಜನ್ನು ನಡುಗಿಸಿತು. ಒಲೆ ಆರಿದೆ, ಬಾಗಿಲು ತೆರೆದಿದೆ, ನನ್ನನ್ನು ಕರೆಯಬೇಡ, ನಾನು ಕೇಳಿಸಿಕೊಳ್ಳುವುದಿಲ್ಲ ಎಂಬುದು ಆ ಇಂಗ್ಲಿಷ್ ಸಾಲುಗಳ ಅರ್ಥ. ಅವಳು ಅದನ್ನು ಪೂರ್ತಿ ನಲವತ್ತು ಸೆಕೆಂಡು ಹಾಡಿದಳು.

ಉಗ್ಗಪ್ಪನ ಕಾಲುಗಳು ಅವರ ಅಪ್ಪಣೆ ಕೇಳಲಿಲ್ಲ. ಎಣ್ಣೆ ಬಾವಿಯಲ್ಲಿ ಅನಿಲ ಸೋರಿದ ಸೈರನ್ ಕೇಳಿದೊಡನೆ ಓಡುವ ಇಪ್ಪತ್ತೆರಡು ವರ್ಷದ ಅಭ್ಯಾಸ. ಅವರು ನೇರವಾಗಿ ಕಟ್ಟಡದ ಹೊರಗೆ ಓಡಿ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ನೋಡಿ, ತಲೆ ಎಣಿಸಲು ಶುರುಮಾಡಿದ್ದರು. ಕಟ್ಟಡದ ಕಾವಲುಗಾರ ಅಬ್ದುಲ್ ರಹ್ಮಾನ್ ನೀರಿನ ಪಂಪು ಸುಟ್ಟಿತೆಂದುಕೊಂಡು ಮೇನ್ ಸ್ವಿಚ್ಚು ಆರಿಸಿದ. ವಂದನಾ ಆಂಟಿ ಎಚ್ಚರವಾಗಿ, ವಿಮಾನ ಇಳಿಯಿತಾ ಎಂದು ಕೇಳಿದರು.

ಫ್ಯಾನು ನಿಂತಿತು, ಎಸಿ ನಿಂತಿತು. ಹುಟ್ಟಿದ ಮೇಲೆ ಮೊದಲ ಬಾರಿಗೆ ಶ್ರಾವ್ಯಾಳಿಗೆ ತನಗಿಂತ ಜೋರಾಗಿ ಯಾವುದೂ ಸದ್ದು ಮಾಡದ ಕೋಣೆಯೊಂದು ಸಿಕ್ಕಿತು. ಅವಳು ಅದನ್ನು ಬಿಟ್ಟುಕೊಡಲಿಲ್ಲ.

“ನನ್ನದು ಅಂದರೆ ನನ್ನದು,” ಎಂದಳು. “ನಾನೇ ಹುಡುಕಿದ್ದು, ನಾನೇ ತರಿಸಿದ್ದು. ಇವರು ನಾಲ್ಕು ಜನ ಸೇರಿ ಎಂಟು ಹಾಡು ಮಾಡಿದ್ದಾರೆ, ನನಗೆ ಎಂಟೂ ಕೇಳಬೇಕು. ಒಳ್ಳೆ ಮನಸ್ಸಿನವಳು ಅಂತ ಯಾರೂ ನನ್ನನ್ನ ಹೊಗಳಬೇಡಿ. ನಾನು ಯಾರ ಸಂಸಾರವನ್ನೂ ಉಳಿಸ್ತಾ ಇಲ್ಲ. ಅಮ್ಮ, ಇನ್ನೊಂದು ವಿಷಯ. ಮನೇಲಿ ಇದ್ದಾಳೆ ಅನ್ನೋದೇ ಗೊತ್ತಾಗಲ್ಲ ಅಂತ ಇನ್ನು ಮೇಲೆ ಎಲ್ಲೂ ಹೇಳಬೇಡ. ನಾನು ಇದ್ದೀನಿ.”

ಲೀಲಮ್ಮನ ಸೆರಗಿನ ತುದಿ ಕಣ್ಣಿನ ಹತ್ತಿರ ಹೋದದ್ದು ಅಲ್ಲೇ ನಿಂತಿತ್ತು.

ಮೊದಲು ಅಲುಗಿದವಳು ಅಕ್ಕು. ಅವಳು ಸುಜಿತನ ಕಂಕುಳಿಂದ ಆ ನಾಲ್ವರನ್ನು ಎಳೆದು, ತಿರುಗಿಸಿ, ಮೇಲೆ ಬರೆದಿದ್ದ ದಪ್ಪ ಅಕ್ಷರಗಳನ್ನು ಕೂಡಿಸಿ ಓದಿದಳು. ‘ನೋ ಸಪ್ಪರ್ ಟುನೈಟ್’. ಹಾಗಂದರೆ ಎಂತ ಎಂದು ಕೇಳಿದಳು.

“ಇವತ್ತು ರಾತ್ರಿ ಅಡುಗೆ ಇಲ್ಲ,” ಎಂದಳು ಶ್ರಾವ್ಯಾ.

ಕೂಟದ ಹೆಂಗಸರೆಲ್ಲ ಒಮ್ಮೆಗೇ ಮುಂದಕ್ಕೆ ಬಾಗಿದರು. ಆ ಹಾಲಿನಲ್ಲಿ ಕೂತಿದ್ದ ಒಬ್ಬೊಬ್ಬರೂ ಬೆಳಿಗ್ಗೆ ಐದಕ್ಕೆ ಎದ್ದು ಮೂವತ್ತು ಜನರ ಲೆಕ್ಕದಲ್ಲಿ ಒಂದೊಂದು ಪಾತ್ರೆ ಪದಾರ್ಥ ಮಾಡಿ ತಂದಿದ್ದರು. ಸಂಜೆಗೆ ಮನೆಯಲ್ಲಿ ಮತ್ತೆ ಹಿಟ್ಟು ಕಲಸುವುದಿತ್ತು.

“ಎಷ್ಟು ಹಾಡಲ್ಲಿ ಹೇಳ್ತಾರೆ ಹಾಗೆ?” ಎಂದು ಯಾರೋ ಕೇಳಿದರು.

“ಒಂದರಲ್ಲಿ ಹೇಳಿದ್ದು ಗೊತ್ತು. ಉಳಿದ ಏಳು ಕೇಳಿದ ಮೇಲೆ ಹೇಳ್ತೀನಿ.”

ಅಕ್ಕು ಆ ನಾಲ್ವರನ್ನು ಮತ್ತೊಮ್ಮೆ ನೋಡಿದಳು. ದುಪಟ್ಟಾದಿಂದ ಅವರ ಮುಖ ಒರೆಸಿದಳು. “ನೋಡಿದರೆ ಒಳ್ಳೆ ಮನೆಯವರ ಹಾಗೆಯೇ ಕಾಣ್ತದೆ,” ಎಂದಳು. “ನನಗೂ ಕೇಳ್ಬೇಕು.”

ತಲೆ ಎಣಿಕೆ ಮುಗಿಸಿ ಒಳಗೆ ಬಂದ ಉಗ್ಗಪ್ಪನಿಗೆ, ತೀರ್ಪು ರದ್ದಾಗಿದೆ, ಪಾಯಸವನ್ನು ಗಂಡಸರೇ ಬಡಿಸಿಕೊಳ್ಳಲಿ, ಪಾತ್ರೆಗಳನ್ನೂ ಅವರೇ ತೊಳೆದಿಡಲಿ ಎಂಬ ಸುದ್ದಿ ಕಾದಿತ್ತು. ಆ ಹೊತ್ತಿಗೆ ಪೂರ್ತಿ ಎಚ್ಚರವಾಗಿದ್ದ ವಂದನಾ ಆಂಟಿಗೆ ಒಂದು ಅನುಮಾನ ಬಂತು. ಈ ಫೋಟೋ ಶ್ರಾವ್ಯಾಳದಾದರೆ, ಸುಜಿತ್ ಗುಟ್ಟಾಗಿ ಹೇಳಿ ತರಿಸಿದ ಸಾಮಾನು ಯಾವುದು? ಅವರೇ ನೆನಪಿಸಿಕೊಂಡರು. ಕೂದಲು ಹುಟ್ಟುವ ಎಣ್ಣೆ, ಮೂರು ಬಾಟಲಿ. ಮೂವತ್ತು ಜನರೂ ಸುಜಿತನ ನೆತ್ತಿಯನ್ನು ನೋಡಿದರು. ನಾಲ್ಕು ಹೆಂಗಸರ ಫೋಟೋ ತನ್ನದೆಂದು ಒಪ್ಪಿಕೊಂಡಾಗಲೂ ಅಷ್ಟು ತಗ್ಗದ ತಲೆ ಆಗ ತಗ್ಗಿತು.

ಅಸರ್ ನಮಾಜು ಮುಗಿದು ಅಂಗಡಿಗಳ ಬಾಗಿಲು ತೆರೆಯುವ ಹೊತ್ತಿಗೆ ಥುಕ್ಬಾದ ಬೀದಿಯಲ್ಲೊಂದು ಮೆರವಣಿಗೆ ಹೊರಟಿತು. ಮುಂದೆ ಸುಜಿತ್, ಪ್ರಾಯಶ್ಚಿತ್ತಕ್ಕೆಂದು ಆಲ್ಬಮ್ಮನ್ನು ಎರಡೂ ಅಂಗೈ ಮೇಲೆ ಹಿಡಿದುಕೊಂಡು, ಕ್ರೇನಿನ ಮೇಲೆ ಗಾಜಿನ ಸಾಮಾನು ಹೊತ್ತ ನಾಜೂಕಿನಿಂದ ನಡೆಯುತ್ತಿದ್ದ. ಅವನ ಹಿಂದೆ ಶ್ರಾವ್ಯಾ. ಅವಳ ಹಿಂದೆ ಅಕ್ಕು, ವಂದನಾ ಆಂಟಿ, ಲೀಲಮ್ಮ ಮತ್ತು ಕೂಟದ ಹತ್ತು ಹೆಂಗಸರು. ಎಲ್ಲರಿಗಿಂತ ಹಿಂದೆ ಉಗ್ಗಪ್ಪ. ಕೂಟದವರು ಹತ್ತಕ್ಕಿಂತ ಹೆಚ್ಚು ಜನ ಎಲ್ಲಿ ಸೇರಿದರೂ ಅಧ್ಯಕ್ಷತೆ ತಮ್ಮದೇ ಎಂಬುದು ಅವರ ವಾದ. ಶ್ರಾವ್ಯಾಳ ಬೆನ್ನು ಅವತ್ತು ನೆಟ್ಟಗಿತ್ತು. ದಾರಿಯಲ್ಲಿ ಮೊಸರಿನ ಅಂಗಡಿಯವನು ಸಿಕ್ಕಿದಾಗ ಅವನೇ ಪಕ್ಕಕ್ಕೆ ಸರಿದ.

ಒಬ್ಬಳು ಬರುತ್ತಾಳೆಂದು ಕಾಯುತ್ತಿದ್ದ ಖೌಲಾ ಹದಿನಾರು ಜನರನ್ನು ನೋಡಿ ಒಂದು ಕ್ಷಣವೂ ಗಾಬರಿಯಾಗಲಿಲ್ಲ. ಕುರ್ಚಿ ಎಳೆದು ಹಾಕಿಸಿದಳು, ಎಲ್ಲರಿಗೂ ಏಲಕ್ಕಿ ಹಾಕಿದ ಚಹಾ ತರಿಸಿದಳು, ಸ್ಪೀಕರಿ‌ನ ಗುಂಡಿಯನ್ನು ತುದಿಯವರೆಗೆ ತಿರುಗಿಸಿದಳು. ಪ್ಲೇಯರಿನ ತಟ್ಟೆ ಸುತ್ತತೊಡಗಿತು. ಯಲ್ಲಾ, ಶುರು ಮಾಡೋಣ ಎಂದು ಸುಜಿತನ ಅಂಗೈಯಿಂದ ಆಲ್ಬಮ್ಮನ್ನು ಎತ್ತಿಕೊಂಡಳು.

ಖೌಲಾ ಲಕೋಟೆಯೊಳಗೆ ಕೈ ಹಾಕಿದಳು. ಹಾಡುಗಳ ಪುಸ್ತಿಕೆ ಬಂತು. ಇನ್ನೊಮ್ಮೆ ಕೈ ಹಾಕಿದಳು. ಖಾಲಿ ಬಿಳಿ ಕಾಗದದ ಚೀಲ ಬಂತು. ಲಕೋಟೆಯನ್ನು ತಲೆಕೆಳಗು ಹಿಡಿದು ಅಲ್ಲಾಡಿಸಿದಳು. ಅಂಗಡಿಯಲ್ಲಿ ಸುತ್ತುವ ತಟ್ಟೆಯ ಸದ್ದಷ್ಟೇ ಉಳಿಯಿತು. ಇದರ ಡಿಸ್ಕ್ ಎಲ್ಲಿ ಎಂದು ಅವಳು ಶ್ರಾವ್ಯಾಳನ್ನು ಕೇಳಿದಳು. ಶ್ರಾವ್ಯಾ ಸುಜಿತನನ್ನು ನೋಡಿದಳು. ಸುಜಿತ್ ಅಕ್ಕುವನ್ನು ನೋಡಿದ. ಅಕ್ಕು ವಂದನಕ್ಕನನ್ನು ನೋಡಿದಳು.

ವಂದನಾ ಆಂಟಿ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

“ಹಾಡು ಇರೋದು ಅದರಲ್ಲಾ?” ಎಂದರು. “ಹೊರಡೋ ದಿನ ತೂಗಿದರೆ ಎರಡು ಕೆಜಿ ಜಾಸ್ತಿ ಬಂತಮ್ಮ. ಎಲ್ಲರ ಸಾಮಾನಿಂದಲೂ ಡಬ್ಬ, ರಟ್ಟು ತೆಗೆದುಹಾಕಿದೆ. ಇದರಲ್ಲಿ ಫೋಟೋ ಮಡಚಬಾರದು ಅಂತ ಒಂದು ಪ್ಲಾಸ್ಟಿಕ್ ತಟ್ಟೆ ಇಟ್ಟಿದ್ದರು. ಅದನ್ನ ಮಗಳ ಮನೇಲೇ ಬಿಟ್ಟೆ. ಗ್ರಾಮಫೋನ್ ಪ್ಲೇಟು ಕಪ್ಪಗಿರುತ್ತೆ ಅಂತ ನನಗೆ ಗೊತ್ತಿಲ್ವಾ? ಇದು ದಾಸವಾಳದ ಬಣ್ಣ. ನಡುವೆ ತೂತು ಬೇರೆ. ತೂತಿರೋ ತಟ್ಟೇನ ಯಾರಾದರೂ ದೇಶ ದಾಟಿಸ್ತಾರಾ?”

ತಕ್ಷಣ ಮ್ಯಾಂಚೆಸ್ಟರಿಗೆ ವೀಡಿಯೋ ಕರೆ ಹೋಯಿತು. ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಆ ಕೆಂಪು ತಟ್ಟೆ ತುಂಬಾ ಉಪಯೋಗಕ್ಕೆ ಬಂತು ಎಂದಳು. ಮನಿ ಪ್ಲಾಂಟಿನ ಕುಂಡದ ಕೆಳಗೆ ಇಟ್ಟಿದ್ದಾಳಂತೆ, ತೂತಿರುವುದರಿಂದ ನೀರು ನಿಲ್ಲುವುದಿಲ್ಲವಂತೆ. ಕುಂಡ ಇರುವುದು ಮನೆ ಬೆಚ್ಚಗಿಡುವ ಹೀಟರಿನ ಮೇಲೆ. ಅವಳು ಕುಂಡ ಸರಿಸಿ ತಟ್ಟೆಯನ್ನು ಕ್ಯಾಮರಾಕ್ಕೆ ಹಿಡಿದಳು. ಎಣ್ಣೆಯಲ್ಲಿ ಬಿಟ್ಟ ಹಪ್ಪಳದಂತೆ ಅದು ನಾಲ್ಕೂ ಕಡೆ ಮುದುರಿಕೊಂಡಿತ್ತು. ಅಂಚಿನಿಂದ ಒಂದು ತೊಟ್ಟು ಕೆಸರು ನೀರು ತೊಟ್ಟಿಕ್ಕಿತು.

ಖೌಲಾ ಪ್ಲೇಯರನ್ನು ಆರಿಸಲು ಕೈ ಚಾಚಿ, ಶ್ರಾವ್ಯಾಳ ಮುಖ ನೋಡಿ ಹಾಗೆಯೇ ಬಿಟ್ಟಳು. ಅಷ್ಟು ಹಗುರ ಇರುವಾಗಲೇ ನನಗೆ ಅನುಮಾನ ಬರಬೇಕಿತ್ತು ಎಂದು ಸುಜಿತ್ ಗೊಣಗಿದ. ಅಕ್ಕು ಅವನ ಕಾಲು ತುಳಿದಳು.

ಆಗ ಲೀಲಮ್ಮ ಎದ್ದರು. ಮಧ್ಯಾಹ್ನದಿಂದ ಒಂದು ಮಾತೂ ಆಡದಿದ್ದವರು ಮಗಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಬಂದು ಕೂತರು.

“ಬೆಳಿಗ್ಗೆ ನೀನು ಏನೋ ಹೇಳೋಕೆ ಬಂದೆ, ನಾನು ಉಪ್ಪಿಟ್ಟು ಹಾಕಿದೆ,” ಎಂದರು. “ಈಗ ಕೇಳಿಸ್ಕೊಳ್ತೀನಿ. ಗೊತ್ತಿರೋ ಅಷ್ಟನ್ನೇ ಹಾಡು. ಪೂರ್ತಿ ಜೋರಾಗಿ.”

ಹಾಡು, ಹಾಡು, ಎಂದರು ಕೂಟದ ಹೆಂಗಸರೆಲ್ಲ. ಖೌಲಾ ಓಡಿಹೋಗಿ ಮೈಕು ತಂದು ಅವಳ ಕೈಗಿಟ್ಟಳು. ಹೊರಗೆ ಹೋಗುತ್ತಿದ್ದ ನಾಲ್ಕಾರು ಜನ ಗಾಜಿನ ಬಾಗಿಲ ಬಳಿ ನಿಂತರು. ಇಡೀ ಬೀದಿ ಶ್ರಾವ್ಯಾಳ ಬಾಯಿ ನೋಡುತ್ತಿತ್ತು. ಅವಳು ಎದ್ದು ನಿಂತಳು, ಕಣ್ಣು ಮುಚ್ಚಿದಳು, ಮೂಗಿನಿಂದ ಉಸಿರೆಳೆದಳು, ಬಾಯಿ ತೆರೆದಳು.

ಗಾಳಿ ಬಂತು. ಬರೀ ಗಾಳಿ.

ಇನ್ನೊಮ್ಮೆ ಪ್ರಯತ್ನಿಸಿದಳು. ಟೈರಿನಿಂದ ಗಾಳಿ ಬಿಟ್ಟಂತೆ ಒಂದು ಸುಯ್ ಬಂತು. ಇಪ್ಪತ್ತನಾಲ್ಕು ವರ್ಷ ಬಳಸದೆ ಇಟ್ಟ ಗಂಟಲನ್ನು ಒಂದೇ ಮಧ್ಯಾಹ್ನ ಪೂರ್ತಿ ಖರ್ಚು ಮಾಡಿದ್ದಳು. ಆ ಕೆಂಪು ತಟ್ಟೆಯ ಹಾಗೆಯೇ ಅದೂ ಮುದುರಿಹೋಗಿತ್ತು. ಅವಳು ಕೈಯಿಂದ ಗಂಟಲು ತೋರಿಸಿದಳು, ತಲೆ ಅಲ್ಲಾಡಿಸಿದಳು, ಬಾಯಿ ತೆರೆದು ಮುಚ್ಚಿದಳು.

“ಬಿಡಿ ಬಿಡಿ, ಒತ್ತಾಯ ಮಾಡ್ಬೇಡಿ,” ಎಂದರು ಉಗ್ಗಪ್ಪ, ಬೀದಿಯ ಎರಡೂ ತುದಿಗೆ ಕೇಳಿಸುವಂತೆ. “ಇಷ್ಟು ಜನ ನೋಡಿ ಮಗುವಿಗೆ ನಾಚಿಕೆ ಆಯ್ತು. ಮೊದಲಿಂದಲೂ ಹಾಗೇ ಅಲ್ವಾ ಅವಳು.”

ಹೌದು ಪಾಪ, ತುಂಬಾ ನಾಚಿಕೆ ಸ್ವಭಾವ, ಎಂದು ಎಲ್ಲರೂ ಒಪ್ಪಿದರು. ಒಬ್ಬರು ಅವಳ ಬೆನ್ನು ಸವರಿದರು. ಇನ್ನೊಬ್ಬರು ಕೈಯಿಂದ ಮೈಕು ತೆಗೆದುಕೊಂಡರು. ಚಹಾದ ಮಾತು ಶುರುವಾಯಿತು.

ಶ್ರಾವ್ಯಾ ನಿಂತೇ ಇದ್ದಳು. ಎಡಗೈಯಲ್ಲಿ ಖಾಲಿ ಲಕೋಟೆ ಇತ್ತು. ಬಲಗೈಯನ್ನು ಮುಷ್ಟಿ ಕಟ್ಟಿ, ಎತ್ತಿ, ಮೇಜಿನ ಮೇಲೆ ಗುದ್ದಿದಳು. ಲೋಟಗಳು ಒಂದು ಗೇಣು ಹಾರಿ ಕೂತವು. ಉಗ್ಗಪ್ಪನ ಮಾತು ಅರ್ಧಕ್ಕೆ ನಿಂತಿತು. ಎಲ್ಲರೂ ತಿರುಗಿ ನೋಡಿದರು.

ಅವಳು ಮತ್ತೆ ಗುದ್ದಿದಳು.